ಅಲಗಿನ ಬುಡದ ಗುರುತು

ಅವನ ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವನು ಭೂತಗನ್ನಡಿ. ಚಾಕು, ಕತ್ತರಿ ಸಾಣೆ ಹಿಡಿಯುವ ಪುಟ್ಟ ಅಂಗಡಿ ಹೊಟ್ಟೆಪಾಡಿಗೆ. ಹೆಸರು ಬಂದದ್ದು ಮಾತ್ರ ಹಳೆಯ ಮಡಚುವ ಚಾಕುಗಳಿಂದ. ನೂರು ವರ್ಷದ ಹಿಂದೆ ಸಿರಿವಂತರ ಕೋಟಿನ ಜೇಬಿನಲ್ಲಿರುತ್ತಿದ್ದ, ಮುತ್ತಿನ ಚಿಪ್ಪಿನ ಹಿಡಿಯ ಚಾಕುಗಳನ್ನು ಕೂಡಿಡುವ ಹುಚ್ಚರಿಗೇನೂ ಕಡಿಮೆಯಿಲ್ಲ. ಅವರಿಗೆ ಟೋಪಿ ಹಾಕುವವರಿಗೂ ಕಡಿಮೆಯಿಲ್ಲ. ಅಸಲಿಯೋ ನಕಲಿಯೋ ಎಂದು ಭೂತಗನ್ನಡಿ ಹೇಳಿದರೆ ಮುಗಿಯಿತು. ಮುಖ ಮುಲಾಜು ನೋಡುವ ಪೈಕಿಯಲ್ಲ. ನಿವೃತ್ತ ಜಡ್ಜರೊಬ್ಬರು ತಂದ ಇಡೀ ಪೆಟ್ಟಿಗೆಯನ್ನು ನೋಡಿ, "ಪೆಟ್ಟಿಗೆ ಚೆನ್ನಾಗಿದೆ ಸಾರ್," ಎಂದು ಕಳಿಸಿದ್ದ.

ವಿದ್ಯೆ ಕಲಿಸಿದವರು ಅವನ ಅಕ್ಕನ ಗಂಡ. ಭಾವ ತೀರಿಕೊಂಡು ವರ್ಷವಾಗಿತ್ತು. ಅವರ ಸಂಗ್ರಹವನ್ನು ಮ್ಯೂಸಿಯಂಗೆ ಕೊಡಲು ಅಕ್ಕ ಒಪ್ಪಿದ್ದಳು. ಬದಲಿಗೆ ಅವರ ಹೆಸರಿನಲ್ಲಿ ಒಂದು ಗಾಜಿನ ಕಪಾಟು. ಷರತ್ತು ಒಂದೇ. ನಡುವೆ ಇಡುವ ಚಾಕು ಅಪ್ಪಟವೆಂದು ಭೂತಗನ್ನಡಿ ಬರೆದುಕೊಡಬೇಕು.

ಮ್ಯೂಸಿಯಂ ಮೇಡಂ ಮೇಜಿನ ಆಚೆ ಪೆನ್ನು ಹಿಡಿದು ಕೂತಿದ್ದರು. ಅಕ್ಕ ಚೀಲದಿಂದ ಮೆತ್ತನೆಯ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. "ಇದನ್ನ ಅವ್ರು ಯಾರಿಗೂ ತೋರಿಸ್ತಾನೇ ಇರ್ಲಿಲ್ಲ. ಇದಕ್ಕಿಂತ ಒಳ್ಳೇದು ಅವ್ರ ಹತ್ರ ಬೇರೆ ಇರ್ಲಿಲ್ಲ."

ಭೂತಗನ್ನಡಿಗೆ ನೋಡಿದೊಡನೆ ಗುರುತು ಹತ್ತಿತು. ಆ ಚಾಕು ಎಂದೋ ಕೈಬದಲಾಗಿದೆ ಎಂದುಕೊಂಡು ಅವನು ನೆಮ್ಮದಿಯಾಗಿದ್ದ.

ಮೂವತ್ತು ವರ್ಷದ ಹಿಂದೆ ಭಾವ ಅದನ್ನು ಒರೆಸಿಡು ಎಂದು ಕೊಟ್ಟಿದ್ದರು, ಅಷ್ಟೇ. ಇವನೋ ಹುರುಪಿನಲ್ಲಿ ಪಾಲಿಶ್ ಚಕ್ರಕ್ಕೆ ಹಿಡಿದ. ಹಳೆಯ ಚಾಕುವಿಗೆ ಯಾರೂ ಮಾಡಬಾರದ ಕೆಲಸ ಅದು. ಅಲಗು ಕನ್ನಡಿಯಾಯಿತು, ಬುಡದಲ್ಲಿದ್ದ ತಯಾರಕನ ಗುರುತು ಸವೆದುಹೋಯಿತು. ಹೆದರಿ, ಬಾಗಿಲು ಹಾಕಿಕೊಂಡು, ಉಳಿಯಲ್ಲಿ ಅಕ್ಷರಗಳನ್ನು ತಾನೇ ಕೊರೆದು ಹಿಂದಿರುಗಿಸಿದ್ದ. ಭಾವ ನೋಡಿ, "ಚೆನ್ನಾಗಿ ಹೊಳೀತಿದೆ ಕಣಯ್ಯ," ಎಂದಿದ್ದರು.

ಈಗ ಮಸೂರ ಹಿಡಿದು ಬಗ್ಗಿದ. ಅಚ್ಚು ಹೊಡೆದ ಅಕ್ಷರದ ತಳ ಸಮವಾಗಿರುತ್ತದೆ. ಇಲ್ಲಿ ಉಳಿ ಎಳೆದ ಗೀರುಗಳಿದ್ದವು. ಕೊನೆಯ ಅಕ್ಷರ ಎಡಕ್ಕೆ ವಾಲಿತ್ತು, ಇವನ ಕೈಬರಹದಂತೆಯೇ.

"ಏನಾದ್ರೂ ತೊಂದ್ರೆನಾ ಸರ್?" ಮೇಡಂ ಕೇಳಿದರು.

"ಒಂದು ನಿಮಿಷ."

ಒಂದು ಸಹಿ ಸಾಕು. ಅಕ್ಕನ ಆಸೆ ತೀರುತ್ತದೆ, ಭಾವನ ಹೆಸರು ಗಾಜಿನ ಮೇಲೆ ಕೂರುತ್ತದೆ. ಕಂಡುಹಿಡಿಯುವವರು ಯಾರು? ಈ ಗೀರನ್ನು ಓದಬಲ್ಲವರು ಇಬ್ಬರೇ. ಒಬ್ಬನು ಇಲ್ಲಿ ಕೂತಿದ್ದಾನೆ, ಇನ್ನೊಬ್ಬರು ತೀರಿಹೋದರು.

ಸಹಿಗೆಂದು ಚಾಚಿದ ಅವನ ಕೈ ಅಲ್ಲಿಗೆ ನಿಂತುಬಿಟ್ಟಿತು. ಗೀರು ಓದುವುದನ್ನು ಇವನಿಗೆ ಕಲಿಸಿದ್ದೇ ಅವರು. ಅವರ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ? ಅಂದೇ ಗೊತ್ತಾಗಿದೆ. ಗೊತ್ತಾಗಿಯೂ ಮೂವತ್ತು ವರ್ಷ ಹೊಟ್ಟೆಗೆ ಹಾಕಿಕೊಂಡಿದ್ದಾರೆ. ಮಸೂರವನ್ನು ಮೇಜಿನ ಮೇಲಿಟ್ಟ.

"ಚಾಕು ಅಸಲಿ," ಎಂದ. ಅಕ್ಕನ ಮುಖ ಅರಳಿತು. "ಗುರುತು ನಕಲಿ. ಕೆತ್ತಿದ್ದು ನಾನು."

ನಡೆದದ್ದನ್ನೆಲ್ಲ ಹೇಳಿದ. ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಇದನ್ನ ಇಡೋಕಾಗಲ್ಲ. ಕಪಾಟಿನ ವಿಷಯ ಮೇಲಿನವರನ್ನ ಕೇಳ್ಬೇಕು. ಮತ್ತೆ, ಬೇಜಾರು ಮಾಡ್ಕೋಬೇಡಿ ಸರ್, ಇಷ್ಟು ದಿನ ನೀವು ಬರೆದುಕೊಟ್ಟಿರೋದನ್ನೆಲ್ಲ ಬೇರೆಯವರ ಹತ್ರ ಇನ್ನೊಂದ್ಸಲ ನೋಡಿಸ್ಬೇಕಾಗುತ್ತೆ."

"ನೋಡಿಸಿ ಮೇಡಂ."

ಅಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅಲಗಿನ ಬುಡದ ಗುರುತಿನ ಮೇಲೆ ಬೆರಳಾಡಿಸಿದಳು.

"ಪ್ರತಿ ವರ್ಷ ನಿಮ್ಮ ಚಾಕುವಿನವರ ಸಭೆಗೆ ಹೊರಡುವಾಗ ಇದನ್ನ ಜೇಬಿಗೆ ಹಾಕ್ಕೊಳ್ಳೋರು ಕಣೋ," ಎಂದಳು. "ವಾಪಸ್ ಬಂದ್ಮೇಲೆ, ತೋರಿಸಿದ್ರಾ ಅಂತ ಕೇಳಿದ್ರೆ, 'ಇಲ್ಲ, ನಿನ್ನ ತಮ್ಮನೂ ಬಂದಿದ್ದ' ಅನ್ನೋರು. ಇದೆಂಥ ಉತ್ತರ ಅಂತ ನಾನು ಜಗಳ ಆಡ್ತಿದ್ದೆ."

ಭೂತಗನ್ನಡಿ ಚಾಕುವನ್ನು ಮಡಚಲು ಕೈ ಚಾಚಿದ. ಅಕ್ಕ ಅದನ್ನು ತನ್ನ ಕಡೆಗೆ ಎಳೆದುಕೊಂಡಳು.