ಅತ್ತೆಯ ಹೂಂ

ಗಂಡ ತೀರಿಕೊಂಡ ಮೇಲೆ ಹನ್ನೆರಡು ವರ್ಷ ನಾನು ಯಮಕನಮರಡಿಯಲ್ಲಿ ಅತ್ತೆಯ ಜೊತೆಗೇ ಇದ್ದೆ. ನನಗೆ ಮಕ್ಕಳಿರಲಿಲ್ಲ. ಮನೆ ಅತ್ತೆಗೆ ತವರಿನಿಂದ ಬಂದದ್ದು. ತಾವು ಹೋದ ಮರುದಿನವೇ ಮೈದುನ ನನ್ನನ್ನು ಹೊರಗೆ ಹಾಕುತ್ತಾನೆಂದು ಅವರಿಗೆ ಗೊತ್ತಿತ್ತು. ಅದಕ್ಕೇ ಮನೆಯನ್ನು ನನಗೆ ಕೊಟ್ಟದ್ದಾಗಿ ಬಕ್ಷೀಸಪತ್ರ ಬರೆಸಿದರು. ಅದನ್ನು ನೋಂದಾಯಿಸಲು ಹುಕ್ಕೇರಿಗೆ ಹೋಗಬೇಕೆನ್ನುವಷ್ಟರಲ್ಲಿ ಹಾಸಿಗೆ ಹಿಡಿದರು. ಅರ್ಜಿ ಕೊಟ್ಟ ಮೇಲೆ ಸಬ್ ರಜಿಸ್ಟ್ರಾರ್ ಸಾಹೇಬರೇ ಕಾರಕೂನನನ್ನು ಕರೆದುಕೊಂಡು ಟಾಂಗಾದಲ್ಲಿ ಮನೆಗೆ ಬಂದರು.

ಅಂದು ಮಧ್ಯಾಹ್ನ ಅತ್ತೆಯ ಕಣ್ಣು ಅರ್ಧ ಮುಚ್ಚಿದ್ದವು. ಹೆಬ್ಬೆರಳು ಒತ್ತಲು ಅನುಕೂಲವಾಗಲೆಂದು ಅವರನ್ನು ಎಬ್ಬಿಸಿ, ಎರಡೂ ಬದಿಗೆ ಲೋಡು ಇಟ್ಟು ಗೋಡೆಗೆ ಒರಗಿಸಿದೆವು. ಹಣೆಗೆ ವಿಭೂತಿ ಹಚ್ಚಿದೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಹೀಗೆಯೇ ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಆಗ ಅದು ನನಗೆ ಹೊಳೆಯಲಿಲ್ಲ. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಬಾಜೂ ಮನೆಯಾಕೆ ಹೊಸ್ತಿಲಲ್ಲೇ ಕುಸಿದು ಎದೆ ಬಡಿದುಕೊಂಡಳು.

"ನಮ್ಮವ್ವಾ, ಒಂದ್ ಮಾತು ಹೇಳದ ಹ್ವಾದೆಲ್ಲಬೇ!"

"ಏ, ಸುಮ್ಮನಿರಬೇ! ಇನ್ನ ಅದಾರ ಅವರು," ಎಂದ ಕಾರಕೂನ.

ಬಾಗಿಲಲ್ಲಿ ನಿಂತಿದ್ದ ಮೈದುನ ನಕ್ಕ. "ಆಕಿಗೆ ಗೊತ್ತಾತು, ನಿಮಗ ಗೊತ್ತಾಗವಲ್ದು ನೋಡ್ರಿ."

ಸಾಹೇಬರು ನನ್ನ ಕಡೆ ತಿರುಗಿದರು. "ಅವರ ಬಾಯಿಂದನ ಕೇಳಬೇಕವ್ವಾ ನಾನು. ಇಲ್ಲಾಂದ್ರ ರಜಿಸ್ಟರ್ ಆಗಂಗಿಲ್ಲ." ಆಮೇಲೆ ಅತ್ತೆಯ ಮುಂದೆ ಬಗ್ಗಿ ಗಟ್ಟಿಯಾಗಿ ಕೇಳಿದರು. "ಅವ್ವಾರ, ಈ ಮನಿ ಸೊಸಿಗೆ ಖುಷಿಲೆ ಕೊಟ್ಟೀರೇನ್ರಿ?"

ಉತ್ತರವಿಲ್ಲ. ಎರಡನೆಯ ಸಲವೂ ಇಲ್ಲ. ನಾನು ಅತ್ತೆಯ ಬೆನ್ನಿಗೆ ಕೈ ಕೊಟ್ಟು, ಅವರ ತಲೆಗೆ ತಲೆ ತಾಗಿಸಿ ಕೂತಿದ್ದೆ. ಮೂರನೆಯ ಸಲ ಕೇಳಿದರು.

"ಹೂಂ."

ಎಲ್ಲರಿಗೂ ಕೇಳಿಸಿತು. ಕಾರಕೂನ ಹೆಬ್ಬೆರಳಿಗೆ ಶಾಯಿ ಹಚ್ಚಿ ಒತ್ತಿಸಿಕೊಂಡ. ಸಾಹೇಬರು ರುಜು ಮಾಡಿ ಎದ್ದರು. ಟಾಂಗಾ ಓಣಿ ದಾಟಿದ ಮೇಲೆ ಶಾಯಿ ಒರೆಸಲೆಂದು ಅತ್ತೆಯ ಕೈ ಹಿಡಿದೆ. ತಣ್ಣಗಿತ್ತು. ಉಸಿರೂ ಇರಲಿಲ್ಲ. ಯಾವಾಗ ಹೋದರೋ, ತಲೆಗೆ ತಲೆ ತಾಗಿಸಿದ್ದ ನನಗೇ ತಿಳಿದಿರಲಿಲ್ಲ. ಬಂದವರು ಹೂವಿನ ಮಾಲೆ ಹಾಕಿದರು. ಅತ್ತೆಯನ್ನು ಬೇರೆಯಾಗಿ ಕೂರಿಸುವ ಕೆಲಸವೇ ಬೀಳಲಿಲ್ಲ.

ಮಣ್ಣು ಕೊಟ್ಟ ಮೂರನೆಯ ದಿನ ಮೈದುನ ಬಂದ. ಅವನ ಕಣ್ಣೂ ಅತ್ತು ಕೆಂಪಾಗಿದ್ದವು.

"ವೈನಿ, ನಾ ಕೋರ್ಟಿಗೆ ಹೋಗಂಗಿಲ್ಲ. ಹೂಂ ಅಂದಾಕಿ ನಾ ಅಲ್ಲಂತ ಲಿಂಗಾ ಹಿಡದ ಹೇಳ್ರಿ. ಮನಿ ನಿಮ್ದು."

ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿ ಹಿಡಿದೆ. "ನಾ ಬಾಯಿನ ತೆಗದಿಲ್ಲ," ಎಂದೆ.

ಅವನು ಅತ್ತೆ ಒರಗಿದ್ದ ಗೋಡೆಯನ್ನು ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದ.

ನಾನು ಹೇಳಿದ್ದು ಖರೆ. ಆದರೆ ಹೂಂ ಅನ್ನಲು ಬಾಯಿ ತೆರೆಯಬೇಕಾಗಿಲ್ಲ. ಅದು ಅವನಿಗೆ ಹೊಳೆಯಲಿಲ್ಲ. ನನಗೆ ಹೊಳೆದದ್ದೂ ಅವನು ಹೋದ ಮೇಲೆಯೇ. ಬಾಗಿಲು ಹಾಕಿ, ತುಟಿ ಬಿಗಿದು ಒಮ್ಮೆ ಹೂಂ ಅಂದು ನೋಡಿದೆ. ಅತ್ತೆಯ ದನಿ ಕೇಳಿಸಿತು.

ಹನ್ನೆರಡು ವರ್ಷ ಒಂದೇ ಒಲೆಯ ಮುಂದೆ ಕೂತವರು ನಾವು. ಮನೆ ನನಗೇ ಉಳಿಯಿತು. ಈಗ ಹೊರಗಿನಿಂದ ಯಾರು ಕರೆದರೂ ನಾನು ಹೂಂ ಅನ್ನುವುದಿಲ್ಲ. ಎದ್ದು ಹೋಗಿ ಬಾಗಿಲು ತೆಗೆಯುತ್ತೇನೆ.