ನಳಿನಿ ತೆಗೆಸಿದ ಗಾಳ

ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎನ್ನುತ್ತಾರೆ. ನಳಿನಿಯನ್ನು ನೀರಿಗೆ ತಂದದ್ದು ಗಂಡನ ಕಾಯಿಲೆ. ಮೈಸೂರಿನಿಂದ ಮರಾಠಿ ಸೀಮೆಯ ಠಾಣೆ ಪಟ್ಟಣಕ್ಕೆ ಬಂದು ವರ್ಷ ತುಂಬುವುದರೊಳಗೆ ಶ್ರೀನಿಗೆ ಲಕ್ವ ಹೊಡೆಯಿತು. ಅಲ್ಲಿನ ವಾಗ್ಳೆ ಕೈಗಾರಿಕಾ ಎಸ್ಟೇಟಿನ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದ, ಮಾತಿನಲ್ಲಿ ಯಾರಿಗೂ ಸೋಲದ ಆ ಮನುಷ್ಯನ ಬಲಗೈಯೂ ಮಾತೂ ಒಟ್ಟಿಗೇ ಹೋದವು. ಬೆಳಿಗ್ಗೆ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಮ್ಮ ಹೌಸಿಂಗ್ ಸೊಸೈಟಿಯ ಹಿಂದಿನ ಕೆರೆಗೆ ತಳ್ಳಿಕೊಂಡು ಹೋಗುವುದು ನಳಿನಿಯ ದಿನಚರಿಯಾಯಿತು.

ಕೆರೆಯಲ್ಲಿ ಒಂದು ಮುದಿ ಆಮೆಯಿತ್ತು. ಶ್ರೀನಿ ಎಡಗೈಯಲ್ಲಿ ಕಡ್ಲೆಪುರಿ ಎಸೆದರೆ ಮೆಟ್ಟಿಲ ಬಳಿ ತಲೆಯೆತ್ತುತ್ತಿತ್ತು. ಒಂದು ದಿನ ಅದು ಬರುವುದು ತಡವಾದಾಗ ಶ್ರೀನಿಯ ಗಂಟಲು "ಬಾ" ಎಂದಿತು. ನಳಿನಿ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟಳು. ತನ್ನ ಹೆಸರು ಬರಲಿಲ್ಲವಲ್ಲ ಎಂಬ ಹೊಟ್ಟೆಕಿಚ್ಚೂ ಒಂದು ಚೂರು ಇತ್ತೆನ್ನಿ. ಆಮೇಲೂ ಅವನಿಗೆ ಬೇರೆ ಮಾತು ಬರಲಿಲ್ಲ. ಆ ಒಂದು ಮಾತು ಮಾತ್ರ ದಿನವೂ ಬರುತ್ತಿತ್ತು.

ಅಲ್ಲಿಗೆ ಮೀನು ಹಿಡಿಯುವವರೂ ಬರುತ್ತಿದ್ದರು. ಒಮ್ಮೆ ಅವರ ಗಾಳ ಆಮೆಯ ಬಾಯಿಗೇ ಸಿಕ್ಕಿಕೊಂಡಿತು. ಕೆರೆಯ ಗೇಟಿನಲ್ಲಿ ಕ್ಯಾಂಟೀನು ಇಟ್ಟಿದ್ದ ಉಡುಪಿ ಕಡೆಯ ಕಮಲಾಕ್ಷರು ಇಕ್ಕಳ ತಂದು ಬಿಡಿಸಿದರು. ಅಂದಿನಿಂದ ನಳಿನಿಗೆ ಗಾಳ ಎಂದರೆ ಮೈಯೆಲ್ಲ ಉರಿ.

ಕೆರೆ ಸಮಿತಿಗೆ ಹೆಂಗಸೊಬ್ಬಳ ಹೆಸರು ಬೇಕಾದಾಗ, ಅದರಲ್ಲಿ ತಾವೂ ಇದ್ದ ಕಮಲಾಕ್ಷರು ಇವಳ ಹೆಸರು ಕೊಟ್ಟರು. ಬೋಟಿಂಗು, ಕಾರಂಜಿ, ಬೆಂಚು, ಎಲ್ಲ ಚರ್ಚೆಯೂ ಮರಾಠಿಯಲ್ಲಿ. ಇವಳಿಗೆ ಬರುತ್ತಿದ್ದುದು ತರಕಾರಿಯವನ ಜೊತೆ ಜಗಳವಾಡುವಷ್ಟು ಹಿಂದಿ. ಎಲ್ಲರೂ ಕೈ ಎತ್ತಿದಾಗ ತಾನೂ ಎತ್ತಿ, ಚಹ ಕುಡಿದು ಬರುತ್ತಿದ್ದಳು.

ಮಾರ್ಚಿನ ಸಭೆಯಲ್ಲಿ ಅಧ್ಯಕ್ಷರು, "ತಲಾವಾತ್‌ಲಾ ಗಾಳ ಕಾಢಾಯ್‌ಲಾಚ್ ಹವಾ" ಎಂದರು. ನಳಿನಿಯ ಕಿವಿ ನೆಟ್ಟಗಾಯಿತು. ಗಾಳ ತೆಗೆಯಲೇಬೇಕು! ಅಂತೂ ಈ ಜನಕ್ಕೆ ಬುದ್ಧಿ ಬಂತು. ವಯಸ್ಸಾದ ಸದಸ್ಯರೊಬ್ಬರು ಅಡ್ಡ ಬಂದು "ಮಾಸೆ" ಎಂದು ಮೀನಿನ ಬಗ್ಗೆ ಏನೋ ಹೇಳಿ, "ಪುಢಚ್ಯಾ ವರ್ಷೀ" ಎಂದರು. ಮೀನು ಹಿಡಿಯುವವರ ಪರವಾಗಿ ಮುಂದಿನ ವರ್ಷಕ್ಕೆ ತಳ್ಳುವ ಹುನ್ನಾರ ಎಂದುಕೊಂಡು ನಳಿನಿ ಎದ್ದು ನಿಂತಳು.

"ಅಗ್ಲೇ ಸಾಲ್ ನಹೀಂ! ಅಭೀ ನಿಕಾಲೋ! ಪೂರಾ ಗಾಳ ನಿಕಾಲೋ!"

ಮುಂದಿನ ವರ್ಷವಲ್ಲ, ಈಗಲೇ ಪೂರ್ತಿ ತೆಗೆಯಿರಿ ಎಂಬ ಅವಳ ಹಿಂದಿಗೆ ಚಪ್ಪಾಳೆ ಬಿತ್ತು. ಆ ಹಿರಿಯರು ಕೂತುಬಿಟ್ಟರು.

"ನೋಡ್ರೀ, ನಿಮ್ಮ ಆಮೆಗೆ ಇನ್ಮೇಲೆ ಯಾರ ಭಯಾನೂ ಇಲ್ಲ," ಎಂದು ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಅರ್ಧ ಬಾಯಲ್ಲಿ ನಕ್ಕ.

ಏಪ್ರಿಲಿನಲ್ಲಿ ಶ್ರೀನಿಗೆ ಜ್ವರ ಬಂದು ಕೆಲವು ದಿನ ಹೊರಗೆ ಹೋಗಲಾಗಲಿಲ್ಲ. ಆಮೇಲೆ ಹೋಗಿ ನೋಡಿದರೆ ಕೆರೆಯೇ ಇಲ್ಲ. ಪಂಪು ಹಚ್ಚಿ ನೀರೆಲ್ಲ ಹೊರಹಾಕಿದ್ದರು. ಕೆಸರಿನಲ್ಲಿ ಜೆಸಿಬಿ ಓಡಾಡುತ್ತಿತ್ತು, ಸತ್ತ ಮೀನುಗಳ ಮೇಲೆ ಕಾಗೆಗಳು ಮುಗಿಬಿದ್ದಿದ್ದವು. ನಳಿನಿ ಕ್ಯಾಂಟೀನಿಗೆ ಓಡಿದಳು.

"ಇದೇನ್ ಮಾಡ್ಬಿಟ್ರು ಕಮಲಾಕ್ಷ ಅವ್ರೇ? ಗಾಳ ತೆಗೀತೀವಿ ಅಂದಿದ್ರಲ್ಲ!"

"ಅದನ್ನೇ ಅಲ್ವಾ ತೆಗೆಯುವುದು? ಗಾಳ ಅಂದ್ರೆ ಇಲ್ಲಿ ಹೂಳು ಮಾರಾಯ್ರೆ. ಆ ಅಜ್ಜ ಹೇಳಿದ್ದು, ಮೀನು, ಆಮೆ ಎಲ್ಲ ಮೊದಲು ಬೇರೆ ಕೆರೆಗೆ ಬಿಡುವ, ಹೂಳು ಮುಂದಿನ ವರ್ಷ ತೆಗೆಯುವ ಅಂತ. ನೀವೇ ಬೇಡ ಅಂದ್ರಿ. ನಿಮಗೆ ಗೊತ್ತುಂಟು ಅಂತ ನಾನು ಎಣಿಸಿದೆ."

"ಆಮೆ?"

"ಮಣ್ಣಿನ ಲಾರಿಯಲ್ಲಿ ಚಿಪ್ಪು ಕಂಡಿತಂತೆ ಅಕ್ಕ," ಎಂದು ಕಮಲಾಕ್ಷರು ತಲೆ ತಗ್ಗಿಸಿದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟು ದಿನದ ಸಭೆಗಳಲ್ಲಿ ಅವಳು ಬಾಯಿ ತೆರೆದದ್ದು ಅದೊಂದೇ ಸಲ, ಅದೂ ಗಂಡನ ಒಂದು ಮಾತನ್ನು ಉಳಿಸಿಕೊಳ್ಳಲು. ದೇವರಿಗೆ ಇದಕ್ಕಿಂತ ಕೆಟ್ಟ ತಮಾಷೆ ಹೊಳೆಯಲಿಲ್ಲವೇನೋ.

ಮಳೆ ಬಂದು ಕೆರೆ ತುಂಬಿತು. ಹೊಸ ದೋಣಿಗಳನ್ನು ಬಿಡುವ ದಿನ ಸಮಿತಿಯವರು ಗಟ್ಟಿ ನಿಲುವಿನ ನಳಿನಿತಾಯಿ ಎಂದು, ಅಂದರೆ ಅವರ ಮಾತಿನಲ್ಲಿ ನಳಿನಿ ಅಕ್ಕ ಎಂದು, ಹೊಗಳಿ ಅವಳಿಗೆ ಶಾಲು ಹೊದಿಸಿದರು. ಅವಳಿಗೆ ಬೇಡ ಎನ್ನಲೂ ಮರಾಠಿ ಬರಲಿಲ್ಲ.

ಶ್ರೀನಿ ಕೆಲವು ದಿನ "ಬಾ" ಎಂದ. ಕಡ್ಲೆಪುರಿ ತೇಲಿಕೊಂಡು ಹೋಗುತ್ತಿತ್ತು. ಆಮೇಲೆ ಅವನು ಎಸೆಯುತ್ತಿದ್ದ, ಕರೆಯುತ್ತಿರಲಿಲ್ಲ.

"ಒಂದ್ಸಲ ಕರೀರೀ," ಎಂದು ನಳಿನಿ ಅವನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವಳೇ ನೀರಿನತ್ತ ತಿರುಗಿ "ಬಾ, ಬಾ" ಎಂದು ಗಟ್ಟಿಯಾಗಿ ಕೂಗಿದಳು. ವಾಕಿಂಗಿಗೆ ಬಂದವರು ನಿಂತು ನೋಡಿದರು. ಶ್ರೀನಿ ಕಡ್ಲೆಪುರಿಯ ಪೊಟ್ಟಣದ ಬಾಯನ್ನು ಎಡಗೈಯಲ್ಲಿ ನಿಧಾನವಾಗಿ ಮಡಚಿ ಅವಳ ಕೈಗೆ ಕೊಟ್ಟ.