ಎದೆಯ ಸೀಟಿ ನಿಂತಾಗ

ಹೋದ ವರ್ಷದ ಸಂಕ್ರಾಂತಿಗೆ ಬೆಳಕವಾಡಿ ಹತ್ತಿರದ ನನ್ನ ತವರಿಗೆ ಹೋಗಿದ್ದೆವು. ಎರಡನೇ ತರಗತಿಯಲ್ಲಿದ್ದ ಮಗಳು ಸಿಂಚನಾಗೆ ಆಸ್ತಮಾ. ಹೊಗೆ, ದೂಳು ಆಗದು. ಗುತ್ತಲಿನ ನಮ್ಮ ಮನೆಯಲ್ಲಿ ಊದುಬತ್ತಿ ಹಚ್ಚುವುದನ್ನೂ ಬಿಟ್ಟಿದ್ದೇವೆ. ಆದರೆ ದನಗಳು ಕಿಚ್ಚು ಹಾಯುವುದನ್ನು ನೋಡಲೇಬೇಕೆಂದು ಅವಳದು ಹಟ. "ದೂರದಲ್ಲೇ ನಿಂತ್ಕೋತೀನಿ ಅಮ್ಮ, ಪ್ರಾಮಿಸ್" ಎಂದಳು. ಒಪ್ಪಿದೆ.

ಸಂಜೆ ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿದ್ದರು. ಸೆರಗು ಹಿಡಿದು ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿ, ಹೊಗೆ ಬಾರದ ಕಡೆಗಿದ್ದ ನಮ್ಮ ಜಗಲಿಯ ಮೇಲೆ ಅವಳನ್ನು ನಿಲ್ಲಿಸಿದೆ. ನೀಲಿ ಇನ್ಹೇಲರ್, ಅದಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ ನನ್ನ ಕೈಚೀಲದಲ್ಲಿದ್ದವು. ಹುಲ್ಲಿಗೆ ಬೆಂಕಿ ಇಟ್ಟೊಡನೆ ಅಣ್ಣ ಅರಿಶಿನ ಬಳಿದ ಎತ್ತುಗಳನ್ನು ಓಡಿಸಿಕೊಂಡು ಬಂದ. "ಮಾವ, ನಿಮ್ಮ ಪಂಚೆ ಹತ್ಕೊಳ್ಳುತ್ತೆ!" ಎಂದು ಸಿಂಚನಾ ಕೂಗಿ ನಕ್ಕಳು.

ಆಗ ಗಾಳಿ ತಿರುಗಿತು. ಅವಳು ಕೆಮ್ಮತೊಡಗಿದಳು. ಅದನ್ನು ಕಂಡ ಅಪ್ಪ, "ಲೇ, ಬೆಂಕಿ ಕೆಡಿಸ್ರಲಾ! ಮಗೀಗೆ ಒಗೆ ಆಗಾಕಿಲ್ಲ ಕಣ್ರಲಾ!" ಎಂದು ಕೂಗಿದರು. ಹಬ್ಬವನ್ನು ಅಲ್ಲಿಗೇ ಬಿಟ್ಟು ಎಲ್ಲರೂ ಓಡಿದರು. ಕೊಡ, ಬಕೆಟ್ಟು, ಸಿಕ್ಕಿದ್ದರಲ್ಲಿ ನೀರು ತಂದು ಸುರಿದರು. ಉರಿಯುವ ಹುಲ್ಲಿಗೆ ನೀರು ಬಿದ್ದರೆ ಏನಾಗುತ್ತದೆಂದು ಅವರಿಗೆಲ್ಲ ಗೊತ್ತು. ಆದರೆ ಆ ಗಾಬರಿಯಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ಬಿಳಿ ಹೊಗೆ ದಟ್ಟವಾಗಿ ಎದ್ದು ಜಗಲಿಯನ್ನೇ ಮುಚ್ಚಿತು.

ಅವಳನ್ನು ಎತ್ತಿಕೊಂಡು ಹಿತ್ತಲಿಗೆ ಓಡಿ ಇನ್ಹೇಲರ್ ಕೊಟ್ಟೆ. ಎದೆಯೊಳಗೆ ಸೀಟಿ ಊದಿದಂಥ ಸದ್ದು. ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಡಾಕ್ಟರು ಹೇಳಿಕೊಟ್ಟಿದ್ದಂತೆ ಮತ್ತೆ ಕೊಟ್ಟೆ. ಸ್ವಲ್ಪ ಹೊತ್ತಿಗೆ ಸೀಟಿ ನಿಂತಿತು. ತಲೆ ನನ್ನ ಭುಜಕ್ಕೆ ವಾಲಿತು.

"ಸದ್ಯ, ಸುಮ್ಕಾಯ್ತು. ಮನೀಕಳ್ಳಿ ಬುಡವ್ವ" ಎಂದರು ಅವ್ವ.

ಒಂದು ಗಳಿಗೆ ನಾನೂ ನಂಬಿದೆ. ಆಮೇಲೆ ಎದೆಗೆ ಕಿವಿ ಇಟ್ಟೆ. ಎದೆ ಏರಿಳಿಯುತ್ತಿತ್ತು, ಆದರೆ ಒಳಗೆ ಗಾಳಿ ಆಡುವ ಸದ್ದೇ ಇಲ್ಲ. ತುಟಿ ನೇರಳೆಗೆ ತಿರುಗಿತ್ತು. ಉಸಿರಿಗೆ ಒದ್ದಾಡುವ ಮಗುವಿನ ಎದೆ ಇದ್ದಕ್ಕಿದ್ದಂತೆ ಸುಮ್ಮನಾದರೆ ಅದು ವಾಸಿಯಾದ ಗುರುತಲ್ಲ ಎಂದು ಡಾಕ್ಟರು ಹಿಂದೆಯೇ ಎಚ್ಚರಿಸಿದ್ದರು.

"ಅವ್ವ, ಇದು ನಿದ್ದೆ ಅಲ್ಲ" ಎಂದೆ.

ಗಂಡ ಕಾರು ತೆಗೆದರು. ಬೀದಿ ತುಂಬ ದನ. ಅಣ್ಣ ಮುಂದೆ ಓಡುತ್ತ, "ದನ ಎಳ್ಕಳ್ರಲಾ, ಜಾಗ ಬುಡ್ರಲಾ!" ಎಂದು ಕಂಡವರ ಹಗ್ಗವನ್ನೆಲ್ಲ ತಾನೇ ಜಗ್ಗಿ ದಾರಿ ಮಾಡಿದ. ಮಳವಳ್ಳಿ ಬರುವವರೆಗೂ ಇನ್ಹೇಲರ್ ಕೊಡುತ್ತಲೇ ಇದ್ದೆ. ಇನ್ನೊಂದು ಕೈ ಅವಳ ಎದೆಯ ಮೇಲೇ ಇತ್ತು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು, ನೆಬುಲೈಸರ್ ಮಾಸ್ಕ್ ಹಾಕಿ, ಇಂಜೆಕ್ಷನ್ ಚುಚ್ಚಿದರು. ಬಹಳ ಹೊತ್ತಿನ ಮೇಲೆ ಅವಳ ಎದೆಯಿಂದ ಸಣ್ಣಗೆ ಸೀಟಿ ಕೇಳಿತು. ಇಷ್ಟು ವರ್ಷ ನಾನು ಹೆದರುತ್ತಿದ್ದ ಅದೇ ಸದ್ದು. "ಗಾಳಿ ಆಡ್ತಾ ಇದೆ ಕಣಮ್ಮ" ಎಂದರು ಡಾಕ್ಟರು.

ಈ ವರ್ಷ ಹಬ್ಬಕ್ಕೆ ಮುಂಚೆ ಅಪ್ಪ ಫೋನ್ ಮಾಡಿ, "ಕಿಚ್ಚ ಕೆರೆ ತಾವ್ಲೇ ಆಯಿಸ್ತೀವಿ ಕಣವ್ವ, ಮಗೀನ ಕರ್ಕಬಾ" ಎಂದರು. ನನಗೆ ಧೈರ್ಯ ಬರಲಿಲ್ಲ. ಸಿಂಚನಾ ವಿಡಿಯೋ ಕಾಲಿನಲ್ಲಿ ನೋಡಿದಳು.

ಈಗಲೂ ಅವಳು ಸದ್ದಿಲ್ಲದೆ ಕೂತಿದ್ದರೆ ಹೋಗಿ ಬೆನ್ನಿಗೆ ಕಿವಿ ಇಡುತ್ತೇನೆ. "ಅಯ್ಯೋ ಅಮ್ಮ, ಓದ್ತಾ ಇದೀನಿ ಅಷ್ಟೇ" ಎಂದು ದೂಡುತ್ತಾಳೆ. ಒಂದು ಉಸಿರು ಪೂರ್ತಿ ಒಳಗೆ ಹೋಗಿ ಹೊರಗೆ ಬಂದದ್ದನ್ನು ಕೇಳಿಸಿಕೊಂಡೇ ಏಳುತ್ತೇನೆ.